ಜಯಕ್ಕನ ಗಸಗಸೆ ಪಾಯಸ

ಸೋಫಾ ಮೇಲೆ ಮಲಗಿರುವ ಈ ಹೆಂಗಸನ್ನು ಎಬ್ಬಿಸಬೇಕೋ ಬೇಡವೋ, ಯಾರಾದರೂ ಹೇಳಿ ಸ್ನೇಹಿತರೇ.

ಯಜಮಾನರಿಗೆ ಆಪರೇಷನ್ ಆದಾಗಿನಿಂದ ನನಗೆ ನಿದ್ದೆಯಿಲ್ಲ. ಅವರು ಆರಾಮಾಗಿ ಗೊರಕೆ ಹೊಡೆಯುತ್ತಾರೆ, ನಾನು ಪಕ್ಕದಲ್ಲಿ ಕೂತು ಅವರ ಉಸಿರು ಎಣಿಸುತ್ತೇನೆ. ಬಟವಾಡಿಯ ನಮ್ಮ ಬೀದಿಗೆಲ್ಲ ಇದು ಗೊತ್ತು. ಇವತ್ತು ಮಧ್ಯಾಹ್ನ ಮಹಡಿ ಮನೆಯ ಜಯಕ್ಕ ಒಂದು ಡಬ್ಬಿ ಗಸಗಸೆ ಪಾಯಸ ಹಿಡಿದು ಬಂದರು.

"ಕುಡ್ದು ಮಲ್ಕೊಳೇ. ಯೋಚ್ನೆ ಎಲ್ಲಾ ಬುಡು. ನೀನು ಮಲ್ಗೋವರ್ಗೂ ನಾನು ಎದ್ದೋಗಲ್ಲ ಕಣೇ."

ಒಬ್ಬಳೇ ಹೇಗೆ ಕುಡಿಯಲಿ? ಬೇಡ ಬೇಡ ಎಂದರೂ ಅವರಿಗೂ ಒಂದು ಲೋಟ ಕೊಟ್ಟೆ. ಟೆನ್ಶನ್ ಮಾಡಿಕೊಂಡರೆ ಏನೇನಾಗುತ್ತದೆ ಎಂದು ನನಗೆ ವಿವರಿಸುತ್ತಿದ್ದವರು ಮಾತಿನ ಮಧ್ಯದಲ್ಲೇ ಒರಗಿ ನಿದ್ದೆಹೋದರು. ನನಗೆ ಒಂದು ಆಕಳಿಕೆಯೂ ಬರಲಿಲ್ಲ.

ಒಂದು ಗಂಟೆಯಾದರೂ ಏಳದಿದ್ದಾಗ ಗಾಬರಿಯಾಗಿ, ಕುಣಿಗಲ್‌ನಿಂದ ಬಂದಿರುವ ಅವರ ಮಗಳಿಗೆ ಫೋನ್ ಮಾಡಿದೆ.

"ಅಯ್ಯೋ, ಎಬ್ಬಿಸ್ಬೇಡಿ ಆಂಟಿ! ಅಣ್ಣನ ಕೆಲ್ಸ ಹೋದಾಗಿಂದ ಅಮ್ಮ ಸರಿಯಾಗಿ ಮಲ್ಗೇ ಇಲ್ಲ. ಆ ಪಾಯಸ ಅಮ್ಮಂಗೇ ಅಂತ ನಾನು ಮಾಡಿದ್ದು. ನಿಮಗ್ಯಾಕೆ ತಂದ್ಕೊಟ್ಳೋ!"

ಮಗನ ಕೆಲಸ ಹೋದ ವಿಷಯ ನನಗೆ ಗೊತ್ತೇ ಇರಲಿಲ್ಲ. ದಿನಾ ಬಂದು ನನಗೆ ಸಮಾಧಾನ ಹೇಳುತ್ತಿದ್ದರಲ್ಲ ಈಕೆ!

ಈಗ ನಾಲ್ಕೂವರೆ. ರೂಮಿನಲ್ಲೊಂದು ಗೊರಕೆ, ಸೋಫಾ ಮೇಲೊಂದು ಗೊರಕೆ. ಎರಡನ್ನೂ ಎಣಿಸುತ್ತಾ ಕೂತಿದ್ದೇನೆ. ನಿದ್ದೆಗೆ ಬೇರೆ ಮದ್ದಿದ್ದರೆ ಕಾಮೆಂಟಿನಲ್ಲಿ ತಿಳಿಸಿ. ತಂದುಕೊಡಲು ಮಾತ್ರ ಬರಬೇಡಿ, ಇನ್ನೊಬ್ಬರನ್ನು ಮಲಗಿಸಲು ಮನೆಯಲ್ಲಿ ಜಾಗವಿಲ್ಲ.