ಹೊಸದೇನೂ ಬಾರದ ವರ್ಷ
ಮೂಲೆ ಅಂಗಡಿಯ ರೇಡಿಯೋ ರಿಪೇರಿ ಯಜಮಾನರಿಗೆ ಇಸವಿಗಳು ತಲೆಗೆ ಹತ್ತಿದ್ದೇ ಇಲ್ಲ. ಸೋಲ್ಡರಿಂಗ್ ಐರನ್ನಿನ ಮೊನೆಯನ್ನು ಒದ್ದೆ ಬಟ್ಟೆಗೆ ಚುಂಯ್ಯೆನಿಸುತ್ತ, "ನನ್ನ ಮದುವೆನಾ? ಟ್ರಾನ್ಸಿಸ್ಟರ್ ಬಂದ ವರ್ಷ. ಮಗಳು ಹುಟ್ಟಿದ್ದು ಟೇಪ್‌ರೆಕಾರ್ಡರ್ ಬಂದಾಗ, ಅದು ಹಾಡ್ತಿತ್ತು, ಇವಳು ಅರಚ್ತಿದ್ಲು" ಎನ್ನುವರು. ಅಳಿಯನನ್ನು ನೆಂಟರಿಗೆ ಪರಿಚಯಿಸುವುದೂ "ಇವರು ಕಂಪ್ಯೂಟರ್ ಜೊತೆ ಬಂದವರು" ಎಂದೇ. ಬೀದಿಯಲ್ಲಿ ಯಾರು ಹಿರಿಯರೆಂಬ ಜಗಳ ಎದ್ದರೆ ತೀರ್ಪು ಅವರದೇ: "ನೀನು ಬಣ್ಣದ ಟೀವಿಗಿಂತ ಎರಡು ತಿಂಗಳು ಚಿಕ್ಕವನು, ಬಾಯ್ಮುಚ್ಚು!" ಹೆಂಡತಿ ತೀರಿಕೊಂಡದ್ದು ಯಾವಾಗ ಎಂದು ಯಾರಾದರೂ ಕೇಳಿದರೆ ಮಾತ್ರ, ಕೈಯಲ್ಲಿದ್ದ ಕೆಲಸ ಕೆಳಗಿಟ್ಟು, "ಆ ವರ್ಷ ಹೊಸದೇನೂ ಬರಲಿಲ್ಲಪ್ಪ" ಎಂದುಬಿಡುವರು. ಇಡೀ ಬೀದಿಗೇ ಗೊತ್ತು, ಆ ವರ್ಷ ಮೊಬೈಲ್ ಫೋನ್ ಬಂದಿತ್ತು. ಎಲ್ಲರಿಗಿಂತ ಮೊದಲು ಕೊಂಡು ತಂದವರು ಅವರೇ. ಅದಕ್ಕೆ ಬಂದ ಮೊದಲ ಕರೆ ಆಸ್ಪತ್ರೆಯದು.