ಎಡಗೈ ಪಂಕ್ತಿ

ನನಗೆ ಚಿತ್ರ ನೋಡಲು ಬರುವುದಿಲ್ಲ. ಯಾವ ಚಿತ್ರ ತೋರಿಸಿದರೂ ಅದರೊಳಗಿನವರು ಏನು ಉಟ್ಟಿದ್ದಾರೆ, ಏನು ಉಣ್ಣುತ್ತಿದ್ದಾರೆ ಎಂದು ನೋಡುವ ಚಾಳಿ ನನ್ನದು. ಅಂಥವಳನ್ನು ಮೊಮ್ಮಗಳು ಚಂದನಾ ಚಾಮರಾಜನಗರದ ಪುಟ್ಟ ಚಿತ್ರಶಾಲೆಗೆ ಕರೆದಳು. ಅವಳು ಅಲ್ಲಿ ಕೆಲಸಕ್ಕೆ ಸೇರಿ ಮೂರು ತಿಂಗಳು. ಹಳೆಯ ಫೋಟೋಗಳ ಪ್ರದರ್ಶನ ಅವಳೇ ಜೋಡಿಸಿದ್ದು. ರೇಷ್ಮೆ ಸೀರೆ ಉಟ್ಟು, ನಮ್ಮೂರು ಹರವೆಯಲ್ಲಿ ಬಸ್ಸು ಹತ್ತಿ, ಮದುವೆಗೆ ಹೋಗುವಂತೆ ಹೋದೆ.

ಒಂದೇ ಕೋಣೆ. ನಡುಗೋಡೆಯ ತುಂಬ ಒಂದು ಫೋಟೋ: ಹಿಂದೆ ಮಹಾರಾಜರು ಗುಂಡ್ಲುಪೇಟೆ ಕಡೆ ಬೇಟೆಗೆ ಬಂದಾಗ ಊರವರಿಗೆ ಹಾಕಿಸಿದ ಊಟ. ಗಾಜಿನ ಹಳೆಯ ನೆಗೆಟಿವ್‌ನಿಂದ ದೊಡ್ಡದು ಮಾಡಿಸಿದ್ದಂತೆ. ನಾನು ದೊರೆಯನ್ನು ಬಿಟ್ಟು ಬಾಳೆಲೆ ನೋಡಿದೆ. ನಮ್ಮಲ್ಲಿ ತುದಿ ಉಣ್ಣುವವರ ಎಡಕ್ಕೆ ಬರುವಂತೆ ಎಲೆ ಹಾಕುತ್ತಾರೆ. ಇಲ್ಲಿ ಬಲಕ್ಕಿತ್ತು! ಕೈ ನೋಡಿದೆ. ಇಡೀ ಪಂಕ್ತಿ ಎಡಗೈಯಲ್ಲಿ ಉಣ್ಣುತ್ತಿತ್ತು. ಒಬ್ಬಿಬ್ಬರು ಎಡಚರಿರಬಹುದು, ಊರಿಗೆ ಊರೇ? ಪ್ರಿಂಟು ಹಾಕಿದವನು ಗಾಜನ್ನು ಮಗುಚಿ ಇಟ್ಟು ಎಡಬಲ ಅದಲುಬದಲು ಮಾಡಿಬಿಟ್ಟಿದ್ದ.

ಬಾಗಿಲಲ್ಲಿ ಚಿತ್ರಶಾಲೆಯ ದೊಡ್ಡ ಸಾಹೇಬರು ಟೇಪು ಕತ್ತರಿಸುತ್ತಿದ್ದರು. ಅವರ ಕಣ್ಣಿಗೆ ಬಿದ್ದರೆ ಹುಡುಗಿಯ ಮೊದಲ ಕೆಲಸವೇ ನಗೆಪಾಟಲು. ಕಿವಿಯಲ್ಲಿ ಹೇಳೋಣವೆಂದರೆ ನನ್ನ ಪಿಸುಮಾತು ಮೂರು ಮನೆಗೆ ಕೇಳಿಸುತ್ತದೆ. ಫೋನು ತೆಗೆದೆ. ಟೈಪು ಕಲಿತು ಹದಿನೈದು ದಿನ. ಒತ್ತಕ್ಷರ ಹುಡುಕುವಷ್ಟರಲ್ಲಿ ಸಾಹೇಬರು ಎರಡು ಫೋಟೋ ದಾಟಿದರು. ಒತ್ತಕ್ಷರದ ಸಹವಾಸವೇ ಬೇಡವೆಂದು "ಎಲೆ ನೋಡು ಕೈ ನೋಡು" ಎಂದಷ್ಟೇ ಕಳಿಸಿದೆ.

ಚಂದನಾ ಓದಿದಳು, ನೋಡಿದಳು, ಮುಖ ಬಿಳಿಚಿಕೊಂಡು ನನ್ನ ಬಳಿ ಬಂದಳು.

"ಅಜ್ಜಿ, ಈಗೇನ್ ಮಾಡ್ಲಿ? ಬಟ್ಟೆ ಮುಚ್ಬುಡ್ಲಾ?"

"ಮುಚ್ಚುದ್ರೆ ಎಲ್ರೂ ಅದ್ನೇ ನೋಡ್ತಾರೆ ಕಣಮ್ಮಿ. ನೀನೇ ಮೊದ್ಲು ತಪ್ಪಾಯ್ತು ಅಂತ ಏಳ್ಬುಡು, ಓಗು."

ಅವಳು ಬೆವರು ಒರೆಸಿಕೊಂಡು ತಿರುಗಿದಳು. "ಸರ್, ಈ ಫೋಟೋದಲ್ಲಿ ಒಂದು ತಪ್ಪಾಗಿದೆ. ನಾನು ಗಮನಿಸಿರಲಿಲ್ಲ. ಏನು ಅಂತ ಯಾರಾದ್ರೂ ಹೇಳ್ತೀರಾ?"

ಸಾಹೇಬರು ಕನ್ನಡಕ ಏರಿಸಿ ಮಹಾರಾಜರ ಪೇಟ ನೋಡಿದರು, ಮೀಸೆ ನೋಡಿದರು, ಕೆಳಗಿನ ಬರಹವನ್ನೂ ನೋಡಿದರು. ಕಸ ಗುಡಿಸುವ ಮಾದಮ್ಮ ಪೊರಕೆ ಹಿಡಿದೇ ಇಣುಕಿ, "ಅಯ್ ಸಿವನೇ, ಎಲ್ರೂ ಎಡಗೈಲಿ ಉಣ್ತಾವ್ರಲ್ಲಾ!" ಎಂದಳು.

ಮೊದಲು ನಕ್ಕವರು ಸಾಹೇಬರೇ. "ಸರಿಯಾದ್ದು ಮಾಡ್ಸಿ ಪಕ್ಕದಲ್ಲಿ ಹಾಕಮ್ಮ. ಇದನ್ನ ಮಾತ್ರ ತೆಗೀಬೇಡ" ಎಂದರು. ಚಂದನಾಳ ಮುಖಕ್ಕೆ ಬಣ್ಣ ಮರಳಿತು.

ಉಳಿದ ಫೋಟೋಗಳನ್ನು ಜನ ಬಸ್ಸಿನ ಕಿಟಕಿಯಿಂದ ನೋಡುವಂತೆ ನೋಡಿ ದಾಟಿದರು. ಇದರ ಮುಂದೆ ಮಾತ್ರ ನಿಂತು, ತಮ್ಮ ತಮ್ಮ ಬಲಗೈ ಎತ್ತಿ, ಒಬ್ಬೊಬ್ಬರನ್ನೇ ಗುರುತಿಸುವಂತೆ ನೋಡಿದರು. ಅಷ್ಟು ವರ್ಷದಿಂದ ಸುಮ್ಮನೆ ಕೂತಿದ್ದ ಪಂಕ್ತಿಯನ್ನು ಕೊನೆಗೂ ಯಾರೋ "ಊಟ ಆಯ್ತಾ?" ಎಂದು ವಿಚಾರಿಸಿದಂತೆ ನನಗನ್ನಿಸಿತು.