ಎಡಗೈಯ ಚೆಂಬು

ಮೊದಲು ಬಿದ್ದದ್ದು ಚೆಂಬು. ಆಮೇಲೆ ನಾನು.

ಬೆಳಿಗ್ಗೆ ಹೊರಕಡೆಗೆ ಹೋಗಲು ಚೆಂಬಿನಲ್ಲಿ ನೀರು ತುಂಬಿಕೊಂಡು ಹಿತ್ತಿಲು ದಾಟುತ್ತಿದ್ದೆ. ಎಡಗೈಯಿಂದ ಜಾರಿತು. ಕೈ ಒದ್ದೆಯಾಗಿರಬೇಕು ಅಂದುಕೊಂಡು ಎತ್ತಿಕೊಂಡೆ. ಮತ್ತೆ ಬಿತ್ತು. ಸಿಟ್ಟು ಬಂದು ಹೆಂಡತಿ ಕೆಂಪಮ್ಮನನ್ನು ಕೂಗಿದೆ. ಬಾಯಿಂದ ಹೆಸರು ಬರಲಿಲ್ಲ, ಬರೀ ಸದ್ದು ಬಂತು.

ಗಾಡಿ ಕಟ್ಟಿ ಮದ್ದೂರಿಗೆ, ಅಲ್ಲಿಂದ ಇದ್ದಿಲ ಗ್ಯಾಸಿನ ಬಸ್ಸಿನಲ್ಲಿ ಮಂಡ್ಯಕ್ಕೆ. ಯುದ್ಧದ ಕಾಲ, ಪೆಟ್ರೋಲ್ ಇಲ್ಲ. ಬಸ್ಸೂ ನನ್ನ ಹಾಗೇ ಅಲ್ಲಲ್ಲಿ ನಿಂತು ಏದುಸಿರು ಬಿಡುತ್ತಿತ್ತು. ಡಾಕ್ಟರು ತೋಳಿಗೆ ಪಟ್ಟಿ ಸುತ್ತಿ ಬ್ಲಡ್ ಪ್ರೆಷರ್ ನೋಡಿದರು. “ಸ್ಟ್ರೋಕ್,” ಅಂದರು. ಕೆಂಪಮ್ಮನ ಮುಖ ನೋಡಿ, “ಲಕ್ವ ಕಣಮ್ಮ,” ಅಂದರು.

ಎಡಭಾಗ ಪೂರ್ತಿ ಹೋಗಿತ್ತು.

ಮನೆಗೆ ಕಳಿಸುವ ದಿನ ಅವರು ಹೇಳಿದ್ದು ಇಷ್ಟೆ: “ದಿನಾ ಎಕ್ಸರ್‌ಸೈಜ್ ಮಾಡಬೇಕು. ಎರಡು ಹೊತ್ತು ನಡೆಯಿರಿ, ಎಡಗೈಗೂ ಕೆಲಸ ಕೊಡಿ. ಕೂತರೆ ಕೂತೇ ಬಿಡ್ತೀರಿ.”

ಊರಿಗೆ ಬಂದು ಜಗಲಿಯ ಮೇಲೆ ಕೂತೆ.

ಲಕ್ವ ಬಲಗೈಗೆ ಹೊಡೆದಿದ್ದರೆ ಕೆಂಪಮ್ಮ ತುತ್ತು ಮಾಡಿ ತಿನ್ನಿಸುತ್ತಿದ್ದಳು. ನಾಲ್ಕು ಜನ ನೋಡಿದರೂ ನಡೆಯುತ್ತಿತ್ತು. ನನ್ನದು ಎಡಗೈ. ಎಡಗೈಯ ಕೆಲಸವನ್ನು ನಮ್ಮಲ್ಲಿ ಬಲಗೈಯಲ್ಲಿ ಮಾಡುವುದಿಲ್ಲ, ಅದು ಉಣ್ಣುವ ಕೈ. ಹಾಗಾಗಿ ಬೇಲಿಯ ಮರೆಯಲ್ಲಿ ಕೆಂಪಮ್ಮ ನನ್ನನ್ನು ತೊಳೆದಳು. ದಿನಾ. ಒಂದು ದಿನವೂ ಅವಳು ಮುಖ ಸಿಂಡರಿಸಲಿಲ್ಲ. ನಾನು ಕಣ್ಣು ಮುಚ್ಚಿಕೊಳ್ಳುತ್ತಿದ್ದೆ. ಹೊಟ್ಟೆ ತುಂಬ ಉಣ್ಣುವುದನ್ನೇ ಬಿಟ್ಟೆ. ಉಂಡರೆ ಅವಳಿಗೆ ಅದೇ ಚಾಕರಿ. ಮತ್ತೆ ನೇಗಿಲು ಹಿಡಿಯುವ ಆಸೆ ಕೂಡ ನನಗಿರಲಿಲ್ಲ. ನನ್ನ ಚೆಂಬನ್ನು ನಾನೇ ಹಿಡಿಯುವಂತಾದರೆ ಸಾಕಿತ್ತು.

ಅದಕ್ಕೆ ನಡೆಯಬೇಕು ಅಂತ ಗೊತ್ತಿತ್ತು. ಆದರೆ ಎಲ್ಲಿಗೆ? ನಮ್ಮೂರಲ್ಲಿ ಗದ್ದೆಗೆ ನಡೆಯುತ್ತಾರೆ, ಆಲೆಮನೆಗೆ ನಡೆಯುತ್ತಾರೆ, ದೇವರಿಗೆ ಅಂತ ಚಿಕ್ಕರಸಿನಕೆರೆಗೆ ನಡೆಯುತ್ತಾರೆ. ಸುಮ್ಮನೆ ಯಾರೂ ನಡೆಯುವುದಿಲ್ಲ. ಹೊರಟವರನ್ನು ‘ಎಲ್ಲಿಗೆ’ ಅಂದರೆ ಅಪಶಕುನ, ಅದಕ್ಕೆ ‘ದೂರ ಹೊರಟಿರಾ’ ಅನ್ನುತ್ತಾರೆ. ಸೊಟ್ಟ ಬಾಯಲ್ಲಿ, ಕಾಲೆಳೆಯುತ್ತ, ಊರಿಗೆಲ್ಲ ಏನಂತ ಉತ್ತರ ಕೊಡಲಿ? ನಾಳೆ ಹೊರಟರಾಯಿತು ಅನ್ನುತ್ತ ಕಬ್ಬು ಕಡಿಯುವ ಕಾಲವೆಲ್ಲ ಕಳೆದೆ.

ಒಂದು ಬೆಳಿಗ್ಗೆ ಕೆಂಪಮ್ಮ ಚೆಂಬಿನ ಕಂಠಕ್ಕೆ ಹುರಿ ಬಿಗಿದು ಹಿಡಿ ಮಾಡಿದಳು. ನನ್ನ ಎಡಗೈ ಬೆರಳುಗಳನ್ನು ಒಂದೊಂದಾಗಿ ಮಡಿಸಿ ಅದರೊಳಗೆ ತೂರಿಸಿದಳು. ಬಲಗೈಗೆ ಕೋಲು ಕೊಟ್ಟಳು.

“ಚೆಂಬು ಇಡ್ಕಂಡೋರ್‌ನ ದೂರ ಅಂತ್ಲೂ ಯಾರೂ ಕೇಳಾಕಿಲ್ಲ. ನಡೀರಿ.”

“ಬಿದ್ರೆ?”

“ಎತ್ತೀನಿ. ಇಷ್ಟ್ ದಿನ ಇನ್ನೇನ್ ಮಾಡಿವ್ನಿ?”

ಅವಳು ಹೇಳಿದ್ದು ನಿಜ. ಎದುರಿಗೆ ಬಂದ ಗಂಡಸರು ಚೆಂಬು ನೋಡಿ ಮುಖ ಆಚೆ ತಿರುಗಿಸಿದರು. ಆ ದಿನ ಹುಣಸೆಮರದ ತನಕ ಹೋದೆ. ಬರಬರುತ್ತ ನಾಲೆ ಏರಿಯ ತನಕ. ಹುಲ್ಲಿಗೆ ಹೊರಟವಳ ಹಾಗೆ ಮಂಕರಿ, ಕುಡುಗೋಲು ಹಿಡಿದು ಕೆಂಪಮ್ಮ ಹಿಂದೆ ಬರುತ್ತಿದ್ದಳು. ಮಂಕರಿಯೊಳಗೆ ಅವಳದೊಂದು ತುಂಬಿದ ಚೆಂಬು ಇರುತ್ತಿತ್ತು.

ಬೆಳಿಗ್ಗೆಯೂ ಸಂಜೆಯೂ ಅಷ್ಟು ದೂರ ಚೆಂಬು ಹಿಡಿದು ಹೋಗುವವನನ್ನು ಕಂಡು ನೆರೆಮನೆಯ ಬೋರೇಗೌಡ ತನ್ನದೇ ಲೆಕ್ಕ ಹಾಕಿದ. ಒಂದು ದಿನ ಲೋಟ ಹಿಡಿದು ಜಗಲಿಗೆ ಬಂದ.

“ಲಕ್ವದ್ ಮ್ಯಾಲೆ ಬೇದಿನೂ ಅಂಟ್ಕಂತಲ್ಲಣ್ಣ. ದಾಳಿಂಬೆ ಸಿಪ್ಪೆ ಕಸಾಯ. ಕುಡ್ದು ಬುಡು.”

ನಿಜ ಹೇಳಲು ನಾಚಿಕೆಯಾಗಿ ಕುಡಿದುಬಿಟ್ಟೆ. ಮರುದಿನವೆಲ್ಲ ಹೊಟ್ಟೆ ಕಲ್ಲು. ಕೆಂಪಮ್ಮ ಸೆರಗು ಬಾಯಿಗಿಟ್ಟುಕೊಂಡು ಒಲೆಯ ಮುಂದೆ ನಕ್ಕಳು, ನಾನೂ ನಕ್ಕೆ. ಸೊಟ್ಟ ಬಾಯಲ್ಲೂ ನಗಬಹುದು ಅಂತ ಅವತ್ತೇ ಗೊತ್ತಾದದ್ದು.

ನಾನು ಹಿಡಿಯುತ್ತಿದ್ದ ಖಾಲಿ ಚೆಂಬಿಗೆ ಅವಳು ಮೊದಲು ಒಂದು ಬೊಗಸೆ ನೀರು ಹಾಕಿದಳು, ಆಮೇಲೆ ಅರ್ಧ, ಆಮೇಲೆ ತುಂಬ. ತೋಳು ಸೆಳೆಯುತ್ತಿತ್ತು. ಬೆರಳುಗಳಲ್ಲಿ ಜುಮುಜುಮು. ಕೆಲವು ದಿನ ಏನೂ ಬದಲಾಗಲಿಲ್ಲ ಅನ್ನಿಸಿ ಅಳು ಬರುತ್ತಿತ್ತು. ಆದರೂ ಹೊರಡುತ್ತಿದ್ದೆ, ಅಷ್ಟು ಹೊತ್ತಿಗೆ ಕಾಲಿಗೇ ಅಭ್ಯಾಸವಾಗಿಬಿಟ್ಟಿತ್ತು.

ಒಂದು ಬೆಳಿಗ್ಗೆ ನಾಲೆ ಏರಿಯ ಮೇಲೆ, ಸವೆದಿದ್ದ ಹುರಿ ಪಟ್ಟನೆ ಕಿತ್ತುಹೋಯಿತು.

ಚೆಂಬು ಬೀಳಲಿಲ್ಲ.

ಬೆರಳುಗಳು ಅದರ ಕಂಠ ಹಿಡಿದಿದ್ದವು. ಯಾವಾಗ ಹಿಡಿದವೋ ನನಗೇ ತಿಳಿಯದು. ಉಸಿರು ಬಿಗಿಹಿಡಿದು ಕಬ್ಬಿನ ಮರೆಗೆ ಹೋದೆ. ಅವತ್ತು ಕೆಂಪಮ್ಮನನ್ನು ಕರೆಯಲಿಲ್ಲ. ತುಂಬ ಹೊತ್ತು ಹಿಡಿಯಿತು. ಅರ್ಧ ನೀರು ಪಂಚೆಯ ಮೇಲೇ ಚೆಲ್ಲಿತು. ಆದರೂ ನನ್ನ ಕೈಯಾರೆ ಆಯಿತು. ಹೆತ್ತ ತಾಯಿ ಸತ್ತಾಗಲೂ ನಾನು ಹಾಗೆ ಅತ್ತಿರಲಿಲ್ಲ.

ಹೊರಗೆ ಬಂದಾಗ ಕೆಂಪಮ್ಮ ಏರಿಯ ಮೇಲೆ ನಿಂತಿದ್ದಳು. ನನ್ನ ಎಡಗೈಯ ಖಾಲಿ ಚೆಂಬು ನೋಡಿದಳು. ಮಂಕರಿಯೊಳಗಿನ ತನ್ನ ಚೆಂಬಿನ ನೀರನ್ನು ಕಬ್ಬಿನ ಬುಡಕ್ಕೆ ಸುರಿದಳು.

“ಇನ್ ನಾನ್ ಬರಾದ್ ಬ್ಯಾಡ್ವಾ?” ಅಂದಳು. ಹಗುರಾದ ದನಿ. ಆದರೆ ಯಾಕೋ ಅದರಲ್ಲಿ ನೋವೂ ಇತ್ತು.

“ಬಾ. ಚೆಂಬು ಬ್ಯಾಡ, ಮಂಕರಿನೂ ಬ್ಯಾಡ. ಜೊತೇಲಿ ನಡೆಯಾಕೆ ಬಾ.”

“ಗಂಡ ಎಂಡ್ತಿ ಸುಮ್ಸುಮ್ಕೆ ನಡೆಯಾದಾ? ಕಂಡೋರು ಏನಂದಾರು?”

ಈಗಲೂ ಕಾಲು ಎಳೆಯುತ್ತದೆ. ಗದ್ದೆ ಉಳುವುದು ನನ್ನ ತಮ್ಮನೇ. ಇನ್ನೊಂದು ಸಲ ಹೊಡೆಯಬಹುದು ಅಂತ ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ. ಹೊಡೆಯುವ ತನಕ ಈ ಕೈ ನನ್ನದು.

ಈ ಬೆಳಿಗ್ಗೆ, ನನ್ನ ಕೋಲೊಂದು ಬಿಟ್ಟರೆ, ಇಬ್ಬರೂ ಬರಿಗೈಯಲ್ಲಿ ಹೊರಟೆವು. ಕೆಂಪಮ್ಮ ತಲೆ ತಗ್ಗಿಸಿ ನಾಲ್ಕು ಹೆಜ್ಜೆ ಹಿಂದೆ ಬರುತ್ತಿದ್ದಳು. ಬೋರೇಗೌಡ ಬಾಗಿಲಲ್ಲಿ ನಿಂತು ನನ್ನ ಕೈ ನೋಡಿದ, ಅವಳ ಕೈ ನೋಡಿದ.

“ದೂರ ಒಂಟ್ಯಾ ಅಣ್ಣ?”

ನಾನು ಇಷ್ಟು ದಿನ ಹೆದರಿಕೊಂಡಿದ್ದ ಪ್ರಶ್ನೆ.

“ಊಂ ಕಣ್ಲಾ, ದೂರನೇ,” ಅಂದೆ. ಮಾತು ಸೊಟ್ಟಗೇ ಬಂತು. ಹಿಂದಿನ ಹೆಜ್ಜೆಗಳು ಬೇಗ ಬೇಗ ಬಂದು ನನ್ನ ಎಡಗಡೆ ಸೇರಿಕೊಂಡವು.